ಏಳನೇ ನಿರೂಪಕಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ವಿಭಾಗಕ್ಕೆ ಚಿಕ್ಕಿ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಹಬೆ, ಸೋಪಿನ ವಾಸನೆ, ಗಡಗಡ ಎನ್ನುವ ಯಂತ್ರಗಳ ನಡುವೆ ನಿಂತು ಅವಳು ಬೆಡ್‌ಶೀಟಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರೆ ಸಾಕು, ಇದು ಯಾವ ವಾರ್ಡಿನದು, ಇನ್ನೆಷ್ಟು ಒಗೆತ ತಡೆದೀತು ಎಂದು ಹೇಳಿಬಿಡುತ್ತಿದ್ದಳು. ಅವಳು ಮಡಿಸಿಟ್ಟ ಆಪರೇಷನ್ ಗೌನನ್ನು ಡಾಕ್ಟರು ಕಣ್ಣು ಮುಚ್ಚಿ ಬಿಡಿಸಿದರೂ ಕೈ ನೇರವಾಗಿ ತೋಳಿಗೇ ಹೋಗುತ್ತಿತ್ತು. ಹೊಸಬರು ಕೆಲಸಕ್ಕೆ ಬಂದರೆ ಮೇಲ್ವಿಚಾರಕಿ, "ಒಂದು ವಾರ ಅವಳ ಕೈ ನೋಡು. ಆಮೇಲೆ ನಿನ್ನ ಬಾಯಿ ತೆಗಿ" ಎನ್ನುತ್ತಿದ್ದಳು.

ಲೋಕವೆಲ್ಲ ಅವಳನ್ನು ಚಿಕ್ಕಿ ಎಂದು ಕರೆಯುವುದಕ್ಕೆ ಕಾರಣ ಗುಬ್ಬಿ. ಆಸ್ಪತ್ರೆಯ ಸರಕಿನ ಲಿಫ್ಟು ಒಂದು ದಿನ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗ ಒಳಗಿದ್ದದ್ದು ಒಂದು ಟ್ರಾಲಿ ದಿಂಬಿನ ಗವಸು ಮತ್ತು ಇವಳು. ಬಾಗಿಲು ಬಿಡಿಸಿದವನು ಲಿಫ್ಟ್ ಮೆಕ್ಯಾನಿಕ್. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿದ್ದ, ಹೆಚ್ಚು ಮಾತಿಲ್ಲದ ಮನುಷ್ಯ. ಎಂಟು ತಿಂಗಳ ಮೇಲೆ ಮದುವೆಯಾಯಿತು. ಇವಳಿಗೆ ಆಗ ಮೂವತ್ತೊಂದು, ಅವನ ಮಗಳು ಗುಬ್ಬಿಗೆ ಆರು. ಮಗು ಮೂರು ತಿಂಗಳು ಇವಳನ್ನು ಏನೆಂದೂ ಕರೆಯಲಿಲ್ಲ. ನೀರು ಬೇಕಾದರೆ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿತ್ತು. ಒಂದು ದಿನ ಶಾಲೆಯ ಗೇಟಿನಲ್ಲಿ ಗೆಳತಿಗೆ, "ಇವ್ರು ನನ್ನ ಚಿಕ್ಕಿ" ಎಂದಿತು. ಚಿಕ್ಕಮ್ಮ ಎನ್ನುವುದರ ಅರ್ಧ. ಅರ್ಧವಾದರೂ ಸಿಕ್ಕಿತಲ್ಲ ಎಂದು ಇವಳು ಆ ದಿನ ಕೆಲಸದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಅಂದಿನಿಂದ ಅದೇ ಹೆಸರು ನಿಂತಿತು.

ಗುಬ್ಬಿಯ ಕೂದಲು ದಟ್ಟ, ಗುಂಗುರು. ದಿನಾ ಬೆಳಿಗ್ಗೆ ಬಾಚಿ ಎರಡು ಜಡೆ ಹಾಕುವಷ್ಟರಲ್ಲಿ ಮಗು ಹತ್ತು ಸಲ ಕಿರುಚುತ್ತಿತ್ತು. ಅದನ್ನು ಕೂರಿಸಲು ಚಿಕ್ಕಿ ಕತೆ ಶುರು ಮಾಡಿದಳು. ಅವಳ ತಾಯಿ ದೊಡ್ಡ ಕತೆಗಾರ್ತಿ. ತಾಯಿಯಿಂದ ಬಂದ ಆಸ್ತಿ ಎಂದರೆ ಅದೊಂದೇ. ಕಟ್ಟುನಿಟ್ಟು ಒಂದೇ ಇತ್ತು, ಎರಡನೇ ಜಡೆಯ ತುದಿಗೆ ರಿಬ್ಬನ್ ಬೀಳುವುದರೊಳಗೆ ಕತೆ ಮುಗಿಯಬೇಕು. ಉದ್ದದ ಕತೆಯಾದರೆ ಬಾಚಣಿಗೆ ನಿಧಾನ, ಗಿಡ್ಡ ಕತೆಯಾದರೆ ಸರಸರ.

ಎಲೆ ಎಣಿಸಿದ ಹುಡುಗಿಯ ಕತೆ ಬಂದದ್ದು ಮೊದಲ ವಾರದಲ್ಲೇ. ಒಬ್ಬ ಹುಡುಗಿ, ಅವಳಿಗೊಬ್ಬ ಮಲತಾಯಿ. ಬಾಗಿಲ ಮುಂದಿನ ಮರದ ಎಲೆಯನ್ನೆಲ್ಲ ಎಣಿಸಿ ಬಂದರೆ ಮಾತ್ರ ಊಟ ಎಂದು ಮಲತಾಯಿ ಕೂರಿಸುತ್ತಾಳೆ. ಎಣಿಸುತ್ತಿದ್ದಂತೆ ಒಂದು ಎಲೆ ಉದುರುತ್ತದೆ, ಇನ್ನೊಂದು ಚಿಗುರುತ್ತದೆ, ಲೆಕ್ಕ ತಪ್ಪುತ್ತದೆ. ಕೊನೆಗೆ ಮರಕ್ಕೇ ಮರುಕ ಹುಟ್ಟಿ ತನ್ನ ಎಲೆಯನ್ನೆಲ್ಲ ಹುಡುಗಿಯ ಮಡಿಲಿಗೆ ಉದುರಿಸಿ, "ಈಗ ಎಣಿಸು ಮಗಳೇ" ಎನ್ನುತ್ತದೆ. ಚಿಕ್ಕಿ ಇದನ್ನು ನೂರು ಸಲ ಕೇಳಿದ್ದಳು. ಅಂದು ಬೆಳಿಗ್ಗೆ "ಅವಳಿಗೊಬ್ಬ ಮಲತಾಯಿ" ಎಂದದ್ದೇ ತಡ, ಕೈಯಲ್ಲಿದ್ದ ಜಡೆಯ ಕೆಳಗೆ ಮಗುವಿನ ಕತ್ತು ಕೊರಡಿನಂತೆ ಸೆಟೆದುಕೊಂಡಿತು. ಕಿರುಚಲಿಲ್ಲ, ತಿರುಗಿ ನೋಡಲಿಲ್ಲ. ಕತ್ತು ಮಾತ್ರ ಹಾಗೆ. ಚಿಕ್ಕಿಯ ಬೆರಳು ನಿಂತವು. ಅವಳು ಕೆಮ್ಮಿದಳು, ಗಂಟಲು ಸರಿಮಾಡಿಕೊಂಡಳು, "ಮಲತಾಯಿ ಅಲ್ಲ, ತಪ್ಪು ಹೇಳ್ದೆ. ಪಕ್ಕದ್ಮನೆಯೋಳು" ಎಂದಳು. ಕತ್ತು ಸಡಿಲವಾಯಿತು. ಜಡೆ ಮುಂದುವರಿಯಿತು.

ಅಂದಿನಿಂದ ಅವಳ ಕತೆಗಳಲ್ಲಿ ಇದ್ದಬದ್ದ ಮಲತಾಯಂದಿರೆಲ್ಲ ಪಕ್ಕದ ಮನೆಗೆ ವಾಸ ಬದಲಾಯಿಸಿದರು. ಇದರಿಂದ ಪೆಟ್ಟು ತಿಂದದ್ದು ನಿಜವಾದ ಪಕ್ಕದ ಮನೆಯಾಕೆ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಸಾಧು ಹೆಂಗಸು. ಬಿಸ್ಕತ್ತು ಕೊಡಲು ಬಂದರೂ ಗುಬ್ಬಿ ಪರಾರಿ. "ನಾನೇನು ಮಾಡಿದ್ನಮ್ಮ ನಿಮ್ಮ ಮಗುಗೆ?" ಎಂದು ಆಕೆ ಕೇಳಿದಾಗ ಚಿಕ್ಕಿ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಸೆರಗಿನಂಚಿನಿಂದ ಬಾಗಿಲ ಚಿಲಕ ಒರೆಸುತ್ತ ನಿಂತಿದ್ದಳು.

ಎಂಟು ವರ್ಷವಾದಾಗ ಗುಬ್ಬಿ ಒಂದು ದಿನ ಕೇಳಿದಳು: "ಪಕ್ಕದ್ಮನೆಯೋಳು ಹೇಳಿದ್ರೆ ಆ ಹುಡುಗಿ ಯಾಕೆ ಎಲೆ ಎಣಿಸ್ಬೇಕು? ತನ್ನ ಮನೆಗೆ ಹೋಗಿ ಊಟ ಮಾಡ್ಬಹುದಲ್ಲ?"

ಚಿಕ್ಕಿ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಯೋಚಿಸಿದಳು. "ಹೆಂಗೆ ಹೋಗ್ತಾಳೆ? ಇವರ ಮನೆ ಬೀಗದ ಕೈ ಅವಳ ಹತ್ರ ಇತ್ತಲ್ಲ!"

"ಓ" ಎಂದಳು ಗುಬ್ಬಿ. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡಳು ಚಿಕ್ಕಿ.

ಗುಬ್ಬಿ ಓದಿದಳು. ಬುದ್ಧಿವಂತೆ ಎಂದು ಶಾಲೆಯವರು ಹೇಳುತ್ತಲೇ ಇದ್ದರು. ವಿಶ್ವವಿದ್ಯಾಲಯಕ್ಕೆ ಸೇರುವಾಗ ತೌಲನಿಕ ಸಾಹಿತ್ಯ ಮತ್ತು ಸಂಸ್ಕೃತಿ ಸಿದ್ಧಾಂತ ಎಂದು ಬರೆದು ಕೊಟ್ಟು ಬಂದಳು. ಅವಳ ಸೋದರತ್ತೆ, ಎಂದರೆ ಚಿಕ್ಕಿಯ ಗಂಡನ ಅಕ್ಕ, ವಿಷಯ ಕೇಳಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಆಕೆಗೆ ನಾಲಿಗೆಯೇ ಆಯುಧ.

"ತೌಲನಿಕ ಅಂದ್ರೆ? ತಕ್ಕಡೀಲಿ ತೂಗೋದಾ?"

"ಕತೆಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡೋದು ಅತ್ತೆ" ಎಂದಳು ಗುಬ್ಬಿ.

"ನೋಡಿ?"

"ಅರ್ಥ ಮಾಡ್ಕೊಳ್ಳೋದು."

"ಕತೆ ಓದೋಕೆ ಯೂನಿವರ್ಸಿಟಿ ಬೇಕೇನೇ? ಮನೇಲೇ ಓದ್ಬಹುದಿತ್ತಲ್ಲ, ಬಸ್ಸಿನ ಓಡಾಟವಾದ್ರೂ ತಪ್ತಿತ್ತು."

ಲಿಫ್ಟ್ ಮೆಕ್ಯಾನಿಕ್ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡ. ಚಿಕ್ಕಿಗೂ ಆ ವಿಷಯದ ತಲೆಬುಡ ತಿಳಿದಿರಲಿಲ್ಲ. ಆದರೂ ಸುಮ್ಮನಿರಲು ಅವಳಿಂದ ಆಗಲಿಲ್ಲ. "ಅತ್ತಿಗೆ, ಬಟ್ಟೆ ಎಲ್ಲರೂ ಮನೇಲೇ ಒಗೀತಾರೆ. ಆದ್ರೂ ಆಸ್ಪತ್ರೇಲಿ ನಮ್ಮಂಥೋರು ನಲವತ್ತು ಜನ ಬೇಕಾಗುತ್ತೆ. ಅದಕ್ಕೂ ಒಂದು ವಿದ್ಯೆ ಇದೆ" ಎಂದಳು. ಅತ್ತಿಗೆ ಬಾಯಿ ತೆರೆದವಳು ಚಹಾ ಕುಡಿಯಲು ಅದನ್ನು ಬಳಸಿಕೊಂಡಳು.

ಮೊದಲ ವರ್ಷ ಗುಬ್ಬಿ ಪೆಚ್ಚುಮೋರೆ ಹಾಕಿಕೊಂಡು ಬರುತ್ತಿದ್ದಳು. ತರಗತಿಯಲ್ಲಿ ಉಳಿದವರೆಲ್ಲ ಪುಸ್ತಕದ ಕಪಾಟಿದ್ದ ಮನೆಗಳಿಂದ ಬಂದವರು. ಇವಳು ಬಾಯಿ ಬಿಡುವಷ್ಟರಲ್ಲಿ ಅವರ ಚರ್ಚೆ ಎರಡು ಬೀದಿ ದಾಟಿರುತ್ತಿತ್ತು. ಒಂದು ಭಾನುವಾರ ಚಿಕ್ಕಿ ಕೇಳಿದಳು: "ಅಷ್ಟು ಕಷ್ಟದ್ದೇನಿದೆಯೇ ಅದರಲ್ಲಿ? ನಂಗೂ ಹೇಳು ನೋಡೋಣ."

"ನಾವು ಯಾವುದನ್ನ ಸಹಜ ಅಂದ್ಕೊಂಡಿರ್ತೀವೋ, ಅದನ್ನ ಯಾರು, ಯಾಕೆ ಸಹಜ ಮಾಡಿದ್ರು ಅಂತ ಕೇಳೋದು ಚಿಕ್ಕಿ."

ಚಿಕ್ಕಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಆಸ್ಪತ್ರೆ ಶೀಟು ಬಿಳೀನೇ ಯಾಕೆ ಅಂತ ಕೇಳಿದ ಹಾಗಾ?"

"ಯಾಕೆ ಬಿಳಿ?"

"ಚೊಕ್ಕಟವಾಗಿ ಕಾಣ್ಲಿ ಅಂತ ಜನ ಅಂದ್ಕೊಂಡಿದಾರೆ. ಅಲ್ಲ. ಕೊಳೆ ಕಾಣ್ಲಿ ಅಂತ. ಕೊಳೆ ಕಂಡ್ರೆ ತಾನೆ ನಮ್ಮನ್ನ ಬೈಯೋಕಾಗೋದು?"

ಗುಬ್ಬಿ ಇವಳನ್ನೇ ದಿಟ್ಟಿಸಿ ನೋಡಿದಳು. ಮಾರನೇ ವಾರ ಆ ಬಿಳಿ ಶೀಟನ್ನೇ ಹಿಡಿದು ತರಗತಿಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದಳಂತೆ. ಪುಸ್ತಕದ ಕಪಾಟಿನವರು ಬರೆದುಕೊಂಡರಂತೆ. ಮನೆಗೆ ಬಂದು ಹೇಳಿದಾಗ ಚಿಕ್ಕಿಯ ಮುಖ ಮೊರದಗಲವಾಯಿತು. ನೆಲಮಾಳಿಗೆಯಲ್ಲಿ ಒಂದು ತಿಂಗಳು ಅದೇ ಸುದ್ದಿ.

ಎಂ.ಎ. ಆಯಿತು, ಪಿಎಚ್.ಡಿ.ಗೆ ವಿದ್ಯಾರ್ಥಿವೇತನ ಸಿಕ್ಕಿತು. ವಿಷಯವೇನೆಂದು ಕೇಳಿದರೆ ಗುಬ್ಬಿ "ಹಳೇ ಕತೆಗಳು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳುತ್ತಿದ್ದಳು. ಒಂದು ಚಿಕ್ಕ ರೆಕಾರ್ಡರ್ ಹಿಡಿದು ನೆಲಮಾಳಿಗೆಗೂ ಬಂದಳು. ಅಲ್ಲಿ ನಾಲ್ಕು ಭಾಷೆಯ ಹೆಂಗಸರು ಕೆಲಸ ಮಾಡುತ್ತಿದ್ದರು. ಊಟದ ಬಿಡುವಿನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಅಜ್ಜಿಯ ಕತೆ ಹೇಳಿದರು. ಗುಬ್ಬಿ ತರಗತಿಗೆ ಹೊರಡುವಾಗ ರೆಕಾರ್ಡರನ್ನು ಮೇಲ್ವಿಚಾರಕಿಯ ಕೈಗೆ ಕೊಟ್ಟು ಹೋಗುತ್ತಿದ್ದಳು. ಎಲ್ಲರಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಳು. ಚಿಕ್ಕಿ ಓದದೆಯೇ, ದೊಡ್ಡ ಅಕ್ಷರದಲ್ಲಿ, ಎಲ್ಲರಿಗಿಂತ ಮೊದಲು ಸಹಿ ಹಾಕಿದಳು.

ಐದು ವರ್ಷ ಕಳೆಯಿತು. ಮಹಾಪ್ರಬಂಧ ಒಪ್ಪಿಸಿಯಾಯಿತು, ಮುಕ್ತ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಯಾರು ಬೇಕಾದರೂ ಬಂದು ಕೂತು ಕೇಳಬಹುದಾದ ಪರೀಕ್ಷೆ. ಅದಕ್ಕೆ ನಾಲ್ಕು ದಿನ ಮೊದಲು ಅತ್ತಿಗೆ ಒಂದು ಹಾಳೆ ಬೀಸುತ್ತ ಬಂದಳು. ಆಕೆಯ ಮಗ ವಿಶ್ವವಿದ್ಯಾಲಯದ ಪ್ರಕಟಣೆಯನ್ನು ಮುದ್ರಿಸಿ ಕೊಟ್ಟಿದ್ದ.

"ಓದ್ದೇನೇ? ಓದು. ಐದು ವರ್ಷ ಕೂತು ಏನು ಬರೆದಿದಾಳೆ ನೋಡು."

ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು: 'ಮಲತಾಯಿಯ ಕತೆ, ಮಲತಾಯಿಯ ಬಾಯಿ: ನಾಲ್ಕು ಭಾಷೆಗಳ ಮೌಖಿಕ ನಿರೂಪಣೆಗಳ ತೌಲನಿಕ ಅಧ್ಯಯನ'.

ಚಿಕ್ಕಿ ಎರಡು ಸಲ ಓದಿದಳು.

"ಸಾಕಿ ಸಲಹಿದ್ದಕ್ಕೆ ಸರಿಯಾದ ಬಹುಮಾನ" ಎಂದಳು ಅತ್ತಿಗೆ. ಆಕೆಯ ದನಿಯಲ್ಲಿ ಕುಹಕಕ್ಕಿಂತ ನಿಜವಾದ ಸಿಟ್ಟೇ ಹೆಚ್ಚಿತ್ತು. ಇಪ್ಪತ್ತಮೂರು ವರ್ಷ ಚಿಕ್ಕಿಯ ದುಡಿತವನ್ನು ಕಂಡವಳು ಆಕೆ. "ನಾನೇ ಕೇಳ್ತೀನಿ ಅವಳನ್ನ."

"ಬೇಡ ಅತ್ತಿಗೆ. ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೋಬೇಕು?" ಎಂದಳು ಚಿಕ್ಕಿ. ಆದರೆ ಹೇಳುವಾಗಲೇ ಅವಳ ಕೈ ಹೆಗಲಿಗೆ ಹೋಗಿತ್ತು.

ಗುಬ್ಬಿಯನ್ನು ಅವಳು ಕೇಳಲಿಲ್ಲ. ಕೇಳಬೇಕೆಂದು ನಾಲ್ಕು ದಿನವೂ ಬಾಯಿ ತನಕ ಬಂತು, ನುಂಗಿಕೊಂಡಳು. ಗಂಡನಿಗೆ ಹಾಳೆ ತೋರಿಸಿದಳು. ಅವನು ಕನ್ನಡಕ ಏರಿಸಿ, ಇಳಿಸಿ, ಕೊನೆಗೆ, "ಲಿಫ್ಟಿನ ಹೊರಗೆ ನಿಂತು ಒಳಗೆ ಏನಾಗಿದೆ ಅಂತ ಹೇಳೋಕಾಗಲ್ಲ. ಬಾಗಿಲು ತೆಗೀಬೇಕು. ಹೋಗಿ ಕೇಳೋಣ" ಎಂದ. ವರ್ಷಕ್ಕೊಮ್ಮೆ ಆಡುವಷ್ಟು ಮಾತನ್ನು ಅವನು ಅಂದೇ ಆಡಿದ್ದ.

ಪರೀಕ್ಷೆಯ ಬೆಳಿಗ್ಗೆ ಚಿಕ್ಕಿ ಗುಬ್ಬಿಯ ತಿಳಿನೀಲಿ ಅಂಗಿಯನ್ನು ತಾನೇ ಇಸ್ತ್ರಿ ಮಾಡಿದಳು. ಕಾಲರು, ಆಮೇಲೆ ಭುಜ, ಆಮೇಲೆ ತೋಳು. ಮನಸ್ಸಿನ ಸುಕ್ಕು ಮನಸ್ಸಿನಲ್ಲಿರಲಿ, ಬಟ್ಟೆಗೆ ದಾಟಬಾರದು ಎಂಬುದು ಅವಳ ಕೆಲಸದ ನೇಮ. ಅಂಗಿ ತೊಟ್ಟುಕೊಂಡ ಗುಬ್ಬಿ ಕನ್ನಡಿಯಲ್ಲಿ ನೋಡಿಕೊಂಡು, "ಇದೊಂದು ಸಾಕು, ಅರ್ಧ ಪಾಸಾದೆ" ಎಂದಳು. ಮತ್ತೇನೋ ಹೇಳಲು ತಿರುಗಿದಳು. ಬಸ್ಸಿಗೆ ಹೊತ್ತಾಗಿತ್ತು.

ಇಲಾಖೆಯ ಸಭಾಕೊಠಡಿ ಮೂರನೇ ಮಹಡಿಯಲ್ಲಿತ್ತು. ಲಾಳಾಕಾರದ ಮೇಜು, ಗುಂಯ್ ಎನ್ನುವ ಪ್ರೊಜೆಕ್ಟರು, ಹಿಂದೆ ನಾಲ್ಕು ಸಾಲು ಕುರ್ಚಿ. ಚಿಕ್ಕಿ ಕೊನೆಯ ಸಾಲಿನಲ್ಲಿ ಗಂಡ ಮತ್ತು ಅತ್ತಿಗೆಯ ನಡುವೆ ಕೂತಳು. ಅತ್ತಿಗೆಯ ಆಚೆ ಪಕ್ಕದಲ್ಲಿ ಅರ್ಧ ದಿನ ರಜೆ ಹಾಕಿ ಬಂದಿದ್ದ ಮೇಲ್ವಿಚಾರಕಿ. ಮೇಜಿನ ಹಿಂದೆ ಇಲಾಖೆಯ ಮುಖ್ಯಸ್ಥರು, ಗುಬ್ಬಿಯ ಮಾರ್ಗದರ್ಶಕಿ, ಮತ್ತು ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರೀಕ್ಷಕರು. ಪರೀಕ್ಷಕರಿಗೆ ವಯಸ್ಸಾಗಿತ್ತು, ದನಿ ಬಹಳ ಮೆತ್ತಗೆ. ಅವರು ತಂದಿದ್ದ ಪ್ರತಿಯ ತುಂಬ ಪೆನ್ಸಿಲಿನ ಗುರುತು ಕಂಡು ಚಿಕ್ಕಿಗೆ ಹೆದರಿಕೆಯಾಯಿತು.

ಗುಬ್ಬಿ ಎದ್ದು ನಿಂತಳು. ಅಂಗಿಯ ತೋಳು ನೇರ ಮಾಡಿಕೊಂಡು ಶುರು ಮಾಡಿದಳು.

"ಮಲತಾಯಿ ಕತೆಗಳ ಬಗ್ಗೆ ತುಂಬಾ ಕೆಲಸ ಆಗಿದೆ. ಎಲ್ಲರೂ ಕೇಳಿರೋದು ಒಂದೇ ಪ್ರಶ್ನೆ: ಈ ಕತೆಗಳು ಮಲತಾಯಿಯನ್ನ ಯಾಕೆ ಕೆಟ್ಟವಳು ಮಾಡ್ತವೆ? ಕತೆ ಸಮಾಜದ್ದು, ಹೇಳೋಳು ಬರೀ ನೀರು ಹರಿಯೋ ಕೊಳವೆ ಅಂತ ಸಿದ್ಧಾಂತ. ನಾನು ಕೇಳಿದ್ದು ಬೇರೆ. ಹೇಳ್ತಿರೋ ಬಾಯಿ ಮಲತಾಯಿಯದೇ ಆದ್ರೆ? ಎದುರಿಗೆ ಕೂತು ಕೇಳ್ತಿರೋದು ಅವಳು ಸಾಕ್ತಿರೋ ಮಗುವೇ ಆದ್ರೆ? ಆಗ ಕತೆ ಏನಾಗುತ್ತೆ?"

ಅತ್ತಿಗೆ ಚಿಕ್ಕಿಯ ಮೊಣಕೈ ಹಿಡಿದುಕೊಂಡಳು.

ಬೇರೊಬ್ಬರ ಮಕ್ಕಳನ್ನು ಸಾಕಿದ ಮೂವತ್ತೊಂದು ಹೆಂಗಸರನ್ನು ಗುಬ್ಬಿ ಹುಡುಕಿ ಹುಡುಕಿ ಕತೆ ಕೇಳಿದ್ದಳು. ಒಬ್ಬಳು ಮಲತಾಯಿಯನ್ನು ರಾಕ್ಷಸಿ ಮಾಡಿ ಬಚಾವಾಗಿದ್ದಳು. ಒಬ್ಬಳು ಆ ಭಾಗವನ್ನೇ ನುಂಗಿದ್ದಳು. ಒಬ್ಬಳು "ನನ್ನಂಥೋಳೇ ಒಬ್ಬಳಿದ್ಲು, ಆದ್ರೆ ನನ್ನಷ್ಟು ದಪ್ಪ ಇರ್ಲಿಲ್ಲ" ಎಂದು ನಗಿಸಿ ಮುಂದೆ ಹೋಗಿದ್ದಳು. ಇನ್ನೊಬ್ಬಳು ಮಲತಾಯಿಗೂ ಹಸಿವಿತ್ತು ಎಂದು ಕತೆಗೆ ಒಂದು ಸಾಲು ಸೇರಿಸಿದ್ದಳು. ನಾಲ್ಕು ಭಾಷೆ, ಮೂವತ್ತೊಂದು ಬಾಯಿ. ಯಾರೊಬ್ಬರೂ ಕೇಳಿದ ಕತೆಯನ್ನು ಕೇಳಿದ ಹಾಗೇ ದಾಟಿಸಿರಲಿಲ್ಲ. ಗುಬ್ಬಿ ಒಂದರ ಪಕ್ಕ ಒಂದಿಟ್ಟು ತೋರಿಸುತ್ತ ಹೋದಂತೆ ಚಿಕ್ಕಿ ಕುರ್ಚಿಯಲ್ಲಿ ಮುಂದಕ್ಕೆ ಸರಿಯುತ್ತ ಬಂದಳು. ಈ ಹುಡುಗಿ ತನ್ನ ಕೂಸು, ಇಷ್ಟೆಲ್ಲ ಜನ ಉಸಿರು ಬಿಗಿಹಿಡಿದು ಕೇಳುತ್ತಿರುವುದು ಅವಳ ಮಾತನ್ನು ಎಂದು ನೆನೆದಾಗಲೆಲ್ಲ ನಾಲ್ಕು ದಿನದ ನೋವು ಎಲ್ಲೋ ಹೋಗಿ ಅವಿತುಕೊಳ್ಳುತ್ತಿತ್ತು.

"ನನ್ನ ಕೊನೇ ಅಧ್ಯಾಯ ಏಳನೇ ನಿರೂಪಕಿಯ ಮೇಲಿದೆ" ಎಂದಳು ಗುಬ್ಬಿ. ಅವಳು ಹಿಂದಿನ ಸಾಲಿನ ಕಡೆ ನೋಡಲಿಲ್ಲ. "ಇವರು ಎಲೆ ಎಣಿಸೋ ಹುಡುಗಿ ಕತೇಲಿ ಮಲತಾಯಿಯನ್ನ ಪಕ್ಕದ ಮನೆಯವಳನ್ನಾಗಿ ಮಾಡಿದಾರೆ. ಮಾಡಿದ ಮೇಲೆ ಕತೇಲಿ ಒಂದು ತೂತು ಬಿತ್ತು, ಪಕ್ಕದ ಮನೆಯವಳ ಮಾತನ್ನ ಹುಡುಗಿ ಯಾಕೆ ಕೇಳ್ಬೇಕು ಅಂತ. ಅದಕ್ಕೆ ಬೀಗದ ಕೈ ಅಂತ ತೇಪೆ ಹಾಕಿದ್ರು. ತೇಪೆ ಎಲ್ಲಿದೆಯೋ ಬಟ್ಟೆ ಹರಿದಿದ್ದು ಅಲ್ಲೇ."

ಮೇಲ್ವಿಚಾರಕಿ ಅತ್ತಿಗೆಯನ್ನು ದಾಟಿ ಚಿಕ್ಕಿಯ ಕಿವಿಯ ಹತ್ತಿರ ಬಾಗಿ, "ನಮ್ಮ ವಿಭಾಗದ ಮಾತು!" ಎಂದಳು.

ಪರೀಕ್ಷಕರು ಪೆನ್ಸಿಲ್ ಎತ್ತಿದರು. "ಅವರು ಬದಲಾಯಿಸಿದ್ರು ಅಂತ ಹೇಗೆ ಹೇಳ್ತೀರಿ? ಅವರು ಕೇಳಿದ್ದೇ ಹಾಗಿರಬಹುದಲ್ಲ?"

"ಇಲ್ಲ ಸರ್. ಅದೇ ಕತೆಯನ್ನ ಅವರು ಕೆಲಸದ ಜಾಗದಲ್ಲಿ ಗೆಳತಿಯರಿಗೆ ಹೇಳಿದ್ದು ರೆಕಾರ್ಡಾಗಿದೆ. ಅಲ್ಲಿ ಮಲತಾಯಿ ಮಲತಾಯಿಯಾಗೇ ಇದಾಳೆ. ಮಗುವಿಗೆ ಹೇಳುವಾಗ ಮಾತ್ರ ಪಕ್ಕದ ಮನೆಯವಳು. ಮಗುವಿಗೆ ಒಂಬತ್ತು ವರ್ಷವಾದಾಗ ಶಾಲೇಲಿ ಬೇರೆ ಯಾರೋ ಇದೇ ಕತೆ ಹೇಳಿದ್ರು, ಮಲತಾಯಿ ಅಂತಲೇ. ಆ ಮಗುವಿಗೆ ಅವತ್ತೇ ಎಲ್ಲ ಗೊತ್ತಾಯ್ತು. ಮನೇಲಿ ಹೇಳ್ಲಿಲ್ಲ."

ಚಿಕ್ಕಿ ಕುಳಿತಲ್ಲೇ ಬೆಚ್ಚಿದಳು. ಒಂಬತ್ತು ವರ್ಷ! ಆಮೇಲೂ ಮೂರು ನಾಲ್ಕು ವರ್ಷ ತಾನು ಪಕ್ಕದ ಮನೆಯವಳನ್ನೇ ಹೇಳಿಕೊಂಡು ಬಂದಿದ್ದಳು, ಗುಬ್ಬಿ ಏನೂ ಅರಿಯದ ಹಾಗೆ ಕೇಳಿಸಿಕೊಂಡು ಕೂತಿದ್ದಳು.

"ಒಪ್ಪಿದೆ, ಬದಲಾಯಿಸಿದ್ರು" ಎಂದರು ಪರೀಕ್ಷಕರು. "ಇನ್ನೂರ ಹನ್ನೆರಡನೇ ಪುಟದಲ್ಲಿ, ಆಕೆ ಭಯದಿಂದ ಬದಲಾಯಿಸಿದ್ರು, ಆ ಪದ ತನಗೇ ಅಂಟಿಕೊಳ್ಳುತ್ತೆ ಅಂತ ಹೆದರಿದ್ರು ಅಂತ ಬರೆದಿದ್ದೀರಿ. ಈ ಭಯಕ್ಕೆ ಆಧಾರ?"

"ಅದು ನನ್ನ ವ್ಯಾಖ್ಯಾನ ಸರ್."

"ಆಕೆಯನ್ನೇ ಕೇಳಿದ್ರಾ?"

"ಇಲ್ಲ ಸರ್."

"ಮೂವತ್ತು ಜನರನ್ನ ಕೇಳಿದವರು ಇವರೊಬ್ಬರನ್ನ ಯಾಕೆ ಬಿಟ್ರಿ?"

ಗುಬ್ಬಿ ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಎತ್ತಿದಳು, ಕುಡಿಯದೆ ಇಟ್ಟಳು. ಮಾರ್ಗದರ್ಶಕಿ ಕಾಗದ ಹೊರಳಿಸಿದರು. ಮುಖ್ಯಸ್ಥರು, "ನಿಯಮದ ಪ್ರಕಾರ ಸಭಿಕರೂ ಪ್ರಶ್ನೆ ಕೇಳಬಹುದು. ಯಾರಾದ್ರೂ?" ಎಂದರು. ಹುಡುಗಿಗೆ ಉಸಿರಾಡಲು ಒಂದು ನಿಮಿಷ ಕೊಡೋಣವೆಂದು ಕೇಳಿದ ಮಾತು ಅದು.

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ ಎಂದಿತು. ಚಿಕ್ಕಿ ಎದ್ದು ನಿಂತಿದ್ದಳು. ಯಾವಾಗ ಎದ್ದೆನೆಂದು ಅವಳಿಗೇ ಗೊತ್ತಿರಲಿಲ್ಲ.

"ನಂದು ಪ್ರಶ್ನೆ ಅಲ್ಲ ಸ್ವಾಮಿ" ಎಂದಳು. "ಭಯ ಅಂತ ಬರೆದಿದಾಳಲ್ಲ, ಅದು ತಪ್ಪು."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಪರೀಕ್ಷಕರು, "ತಾವು ಯಾರಮ್ಮ?" ಎಂದರು.

ಚಿಕ್ಕಿ ಬೆನ್ನು ನೆಟ್ಟಗೆ ಮಾಡಿದಳು. "ನಾನೇ ಏಳನೇ ನಿರೂಪಕಿ."

ಸಭೆಯಲ್ಲಿ ಗುಜುಗುಜು ಎದ್ದು ಅಡಗಿತು. ಪರೀಕ್ಷಕರು ಪೆನ್ಸಿಲನ್ನು ಕೆಳಗಿಟ್ಟರು. "ಹೇಳಿ."

"ಆ ಮಾತು ನಂಗೆ ಅಂಟಿಕೊಳ್ಳುತ್ತೆ ಅಂತ ನಾನು ಹೆದರ್ಲಿಲ್ಲ. ನಾನು ಮಲತಾಯಿನೇ, ಅದರಲ್ಲಿ ಮುಚ್ಚುಮರೆ ಏನು? ಮೊದಲನೇ ದಿನ ಮಲತಾಯಿ ಅಂತಲೇ ಹೇಳ್ದೆ. ಆಗ ಅವಳ ಜಡೆ ನನ್ನ ಕೈಲಿತ್ತು. ಆ ಮಾತಿಗೆ ಅವಳ ಕತ್ತು ಹಿಂಗೆ..." ಚಿಕ್ಕಿ ತನ್ನ ಕತ್ತನ್ನು ಸೆಟೆಸಿ ತೋರಿಸಿದಳು. "ಮರದ ಹಂಗಾಯ್ತು. ಪಕ್ಕದ್ಮನೆಯೋಳು ಅಂದೆ, ಸಡ್ಲ ಆಯ್ತು. ಅಷ್ಟೇ. ಯೋಚನೆ ಮಾಡಿ, ಲೆಕ್ಕ ಹಾಕಿ ಬದಲಾಯಿಸಿದ್ದಲ್ಲ. ಕತೆ ನನ್ನ ಬಾಯಲ್ಲಿತ್ತು, ಆದ್ರೆ ಅದನ್ನ ತಿರುಗಿಸಿದ್ದು ಅವಳ ಕತ್ತು. ಬೀಗದ ಕೈ ಕೂಡ ಅವಳೇ ಕೇಳಿ ಹಾಕಿಸಿದ್ದು. ಅರ್ಧ ಕತೆ ಅವಳದೇ. ಇಷ್ಟು ಬರೆದೋಳು ಅದೊಂದು ಬರೀಲಿಲ್ಲವಲ್ಲ, ಅಂತ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ನೆನಪಾಯಿತು. ಮಗಳ ಪರೀಕ್ಷೆಯಲ್ಲಿ ಮಗಳದ್ದೇ ತಪ್ಪೆಂದು ಎದ್ದು ಹೇಳಿದ್ದೆ! ಸರಕ್ಕನೆ ಕುರ್ಚಿಯಲ್ಲಿ ಕೂತಳು. "ಅವಳನ್ನ ಫೇಲ್ ಮಾಡ್ಬೇಡಿ ಮತ್ತೆ" ಎಂದು ಸೇರಿಸಿದಳು.

ಸಭೆ ಗೊಳ್ಳೆಂದು ನಕ್ಕಿತು. ಪರೀಕ್ಷಕರು ನಗಲಿಲ್ಲ. ಪುಟ ತಿರುಗಿಸಿ ಏನೋ ಬರೆದುಕೊಂಡರು. ಆಮೇಲೆ ಆ ಮೆತ್ತಗಿನ ದನಿಯಲ್ಲಿ ಹೇಳಿದರು: "ಮೂವತ್ತೈದು ವರ್ಷದಿಂದ ನಾವು ಹೇಳುವವರನ್ನೂ ಪಠ್ಯವನ್ನೂ ಓದ್ತಾ ಬಂದಿದ್ದೀವಿ. ಕೇಳುವವರ ಕತ್ತನ್ನ ಯಾರೂ ನೋಡಿರಲಿಲ್ಲ." ಗುಬ್ಬಿಯ ಕಡೆ ತಿರುಗಿ, "ನಿಮ್ಮ ಪ್ರಶ್ನೆ ಒಳ್ಳೇದಿತ್ತು, ಅದಕ್ಕೇ ಈ ಉತ್ತರ ಎದ್ದು ಬಂತು. ಪದವಿಗೆ ನಾನು ಶಿಫಾರಸು ಮಾಡ್ತೀನಿ. ಒಂದೇ ಷರತ್ತು. ಈ ಅಧ್ಯಾಯ ತಿದ್ದಬೇಕು. ಆಕೆಯನ್ನ ಕೇಳಿ ತಿದ್ದಬೇಕು" ಎಂದರು.

ಗುಬ್ಬಿ ತಲೆಯಾಡಿಸಿದಳು. ಕಣ್ಣು ತುಂಬಿದ್ದವು, ಮುಖ ನಗುತ್ತಿತ್ತು. "ಇವರು ನನ್ನ ಚಿಕ್ಕಿ" ಎಂದಳು ಸಭೆಗೆ. ಯಾರೂ ಕೇಳಿರಲಿಲ್ಲ. ಹೇಳಬೇಕೆನಿಸಿತ್ತು, ಹೇಳಿದಳು. ಚಪ್ಪಾಳೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಅತ್ತಿಗೆಯದು. ನಾಲ್ಕು ದಿನದ ಹಿಂದೆ ಹಾಳೆ ಬೀಸಿಕೊಂಡು ಬಂದವಳು ತಾನಲ್ಲವೇ ಅಲ್ಲ ಎನ್ನುವ ಹಾಗೆ, ಪಕ್ಕದ ಸಾಲಿನವರಿಗೆ, "ನಮ್ಮ ಮನೆಯವರೇ, ಇಬ್ಬರೂ" ಎನ್ನುತ್ತಿದ್ದಳು.

ಹೊರಗೆ ಪಡಸಾಲೆಯ ಕಿಟಕಿಯ ಬಳಿ ಗುಬ್ಬಿ ಚಿಕ್ಕಿಯನ್ನು ಒಂದು ಕಡೆಗೆ ಎಳೆದುಕೊಂಡಳು.

"ಪ್ರಬಂಧದ ಹೆಸರು ಯಾಕೆ ಮುಚ್ಚಿಟ್ಟೆ?" ಎಂದಳು ಚಿಕ್ಕಿ. "ನಾಲ್ಕು ದಿನ ನನ್ನ ಹೊಟ್ಟೆಗೆ ಊಟ ಇಳಿದಿಲ್ಲ, ಗೊತ್ತಾ?"

"ಹೇಳೋಣ ಅಂತ ದಿನಾ ಅಂದ್ಕೊಂಡೆ ಚಿಕ್ಕಿ. ಆ ಪದ ನಿನ್ನ ಮುಂದೆ ಬಾಯಿಗೆ ಬರ್ಲಿಲ್ಲ. ನೀನು ಬೇಜಾರು ಮಾಡ್ಕೊಂಡ್ರೆ, ಇಷ್ಟು ವರ್ಷ ಇವಳ ಮನಸ್ಸಲ್ಲಿ ಇದೇ ಇತ್ತಾ ಅಂತ ಅಂದ್ಕೊಂಡ್ರೆ ಅಂತ..."

"ಅಂದ್ರೆ ಭಯ ಇದ್ದಿದ್ದು ನಿಂಗೆ! ಅದನ್ನ ನನ್ನ ತಲೆಗೆ ಕಟ್ಟಿ ಇನ್ನೂರ ಹನ್ನೆರಡನೇ ಪುಟದಲ್ಲಿ ಬರೆದಿದೀಯ!"

ಗುಬ್ಬಿಯ ನಗು ಮೆಟ್ಟಿಲ ಕೆಳಗಿನ ತನಕ ಕೇಳಿಸಿತು. "ಇದನ್ನೂ ಬರೀತೀನಿ" ಎಂದಳು.

"ಬರಿ. ಆದ್ರೆ ಮೊದಲು ನಂಗೆ ಓದಿ ಹೇಳು."

ಮುಂದಿನ ಆರು ಭಾನುವಾರ ಊಟದ ಮೇಜಿನ ಮೇಲೆ ಅಧ್ಯಾಯದ ತಿದ್ದುಪಡಿ ನಡೆಯಿತು. ಚಿಕ್ಕಿ ಸುಲಭಕ್ಕೆ ಒಪ್ಪುವವಳಲ್ಲ. 'ನಿರೂಪಕಿಯ ಬೆರಳುಗಳು ತಾತ್ಕಾಲಿಕವಾಗಿ ಸ್ಥಗಿತಗೊಂಡವು' ಎಂದು ಓದಿದರೆ, "ಅದೇನದು ಸ್ಥಗಿತ? ಲಿಫ್ಟಾ ನನ್ನ ಬೆರಳು? ನಿಂತವು ಅಂತ ಬರಿ" ಎನ್ನುತ್ತಿದ್ದಳು. ಲಿಫ್ಟ್ ಮೆಕ್ಯಾನಿಕ್ ಪತ್ರಿಕೆಯ ಹಿಂದಿನಿಂದ ಅನುಮೋದಿಸುತ್ತಿದ್ದ. ನಾಲ್ಕು ಪುಟ ಎಂದು ಶುರುವಾದದ್ದು ಇಪ್ಪತ್ತಾರಾಯಿತು. ಪದವಿ ಬಂತು. ಮರುವರ್ಷ ಗುಬ್ಬಿಗೆ ಅದೇ ಇಲಾಖೆಯಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು.

ಆ ಇಪ್ಪತ್ತಾರು ಪುಟಗಳನ್ನು ಗುಬ್ಬಿ ಲೇಖನವಾಗಿಸಿ ಒಂದು ವಿದ್ವತ್ ಪತ್ರಿಕೆಗೆ ಕಳಿಸಿದಳು. ಲೇಖಕರ ಜಾಗದಲ್ಲಿ ಎರಡು ಹೆಸರಿದ್ದವು. ಸಂಪಾದಕರಿಂದ ಒಪ್ಪಿಗೆ ಬಂತು, ಜೊತೆಗೆ ಒಂದು ಪ್ರಶ್ನೆ: ಎರಡನೆಯ ಲೇಖಕಿ ಯಾವ ಸಂಸ್ಥೆಯವರು, ಯಾವ ವಿಭಾಗ, ನಮೂದಿಸಿಲ್ಲವಲ್ಲ?

ಗುಬ್ಬಿ ಊಟದ ಬಿಡುವಿನಲ್ಲಿ ನೆಲಮಾಳಿಗೆಗೆ ಬಂದು ಅದನ್ನು ಓದಿ ಹೇಳಿದಳು. ಹೆಂಗಸರೆಲ್ಲ ಸುತ್ತ ನೆರೆದರು. ಚಿಕ್ಕಿ ಕೈಯಲ್ಲಿದ್ದ ಶೀಟನ್ನು ಮೇಲ್ವಿಚಾರಕಿಯ ಜೊತೆ ಹಿಡಿದು ಜಗ್ಗಿ, ಮಡಿಸಿ, ಅಡ್ಡಕ್ಕೊಮ್ಮೆ ಮಡಿಸಿ, ಅಟ್ಟಿಯ ಮೇಲಿಟ್ಟು, ಕೈ ಒರೆಸಿಕೊಂಡಳು.

"ಬರ್ಕೋ" ಎಂದಳು. "ಬಟ್ಟೆ ಒಗೆಯೋ ವಿಭಾಗ. ನೆಲಮಾಳಿಗೆ. ಆಸ್ಪತ್ರೆ ಹೆಸರು ಪೂರ್ತಿ ಹಾಕು, ಮೊಟಕು ಮಾಡ್ಬೇಡ."

ಗುಬ್ಬಿ ಹಾಗೆಯೇ ಬರೆದುಕೊಂಡಳು. ಅಚ್ಚಾಗಿ ಬಂದಾಗಲೂ ಹಾಗೆಯೇ ಇತ್ತು.